ಅಮೆರಿಕದ ದೇವಸ್ಥಾನಕ್ಕೆ ಅರ್ಚಕರಾಗಿ ಹೋಗುವವರಿಗೆ: ಆರ್-1 ವೀಸಾದಿಂದ ಗ್ರೀನ್ ಕಾರ್ಡ್‌ವರೆಗೆ

ಆರ್-1 ಎಂದರೆ ಧಾರ್ಮಿಕ ಕೆಲಸಕ್ಕೆ ಅಮೆರಿಕಕ್ಕೆ ಹೋಗುವವರ ತಾತ್ಕಾಲಿಕ ವೀಸಾ. ಅದಕ್ಕೆ ಮೊದಲ ಅರ್ಜಿ ಹಾಕುವುದು ಅರ್ಚಕರಲ್ಲ, ದೇವಸ್ಥಾನ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. 'ವೀಸಾ ಮಾಡಿಸಿಕೊಡ್ತೀನಿ, ದುಡ್ಡು ಕೊಡಿ, ಕೆಲಸ ಆಮೇಲೆ ನೋಡೋಣ' ಎನ್ನುವ ಏಜೆಂಟರಿಗೆ ಇಲ್ಲಿ ಜಾಗವೇ ಇಲ್ಲ. ಕರೆಯುವ ದೇವಸ್ಥಾನ ಇಲ್ಲದಿದ್ದರೆ ಈ ವೀಸಾವೂ ಇಲ್ಲ.

ನ್ಯೂಯಾರ್ಕ್‌ನ ಫ್ಲಶಿಂಗ್‌ನಲ್ಲಿ 1977ರಲ್ಲಿ ಗಣೇಶ ದೇವಸ್ಥಾನದ ಪ್ರತಿಷ್ಠೆ ಆದಾಗ ಆರ್-1 ಎಂಬ ವರ್ಗವೇ ಇರಲಿಲ್ಲ. ಅದು ಬಂದದ್ದು 1990ರ ವಲಸೆ ಕಾಯ್ದೆಯಿಂದ. ಈಗ ಎಡಿಸನ್‌ನಲ್ಲಿ ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇದೆ, ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಶೃಂಗೇರಿಯ ಶಾರದಾಂಬಾ ದೇವಸ್ಥಾನ ಇದೆ. ಎಷ್ಟೋ ಊರುಗಳಲ್ಲಿ ಸಣ್ಣ ಸಣ್ಣ ದೇವಸ್ಥಾನಗಳಿವೆ. ಕರಾವಳಿ, ಮಲೆನಾಡು, ಮೈಸೂರು ಕಡೆಯ ಅರ್ಚಕರಿಗೆ ಅಲ್ಲಿ ಬೇಡಿಕೆ ಇದ್ದೇ ಇದೆ. ಇಲ್ಲಿ ಅರ್ಚಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಂಗಳೂರಿನಿಂದ ಹೋಗುವ ಪಾದ್ರಿಗಳಿಗೆ, ಸಿಸ್ಟರ್‌ಗಳಿಗೆ, ಮಸೀದಿಗೆ ಹೋಗುವ ಇಮಾಮರಿಗೆ ಕೂಡ ಕಾನೂನು ಇದೇ.

ಹೆಜ್ಜೆ 1: ನಿಮ್ಮ ಕೆಲಸ ಯಾವ ಬಗೆಯದು?

ಕಾನೂನು ಮೂರು ಬಗೆಯ ಕೆಲಸವನ್ನು ಒಪ್ಪುತ್ತದೆ. ಒಂದು, 'ಮಿನಿಸ್ಟರ್'. ಅಂದರೆ ಆ ಧರ್ಮದ ಪದ್ಧತಿಯಂತೆ ಪೂರ್ತಿ ತರಬೇತಿ ಪಡೆದು, ಪೂಜಾವಿಧಿ ನಡೆಸುವ ಅಧಿಕಾರ ಇರುವವರು. ಅರ್ಚಕರು, ಪಾದ್ರಿಗಳು, ಇಮಾಮರು ಇದರಲ್ಲಿ ಬರುತ್ತಾರೆ. ಎರಡು, ಜೀವನವನ್ನೇ ಧರ್ಮಕ್ಕೆ ಕೊಟ್ಟವರು: ಸನ್ಯಾಸಿಗಳು, ವ್ರತ ತೆಗೆದುಕೊಂಡ ಸಿಸ್ಟರ್‌ಗಳು. ಮೂರು, ಧಾರ್ಮಿಕ ಉದ್ಯೋಗ. ಧರ್ಮಪಾಠ ಹೇಳುವಂಥ, ಆ ಸಂಪ್ರದಾಯವೇ ಧಾರ್ಮಿಕ ಕೆಲಸ ಎಂದು ಗುರುತಿಸಿದ ಉದ್ಯೋಗಗಳು ಇಲ್ಲಿ ಸೇರುತ್ತವೆ.

ಯಾವುದು ಸೇರುವುದಿಲ್ಲ ಎನ್ನುವುದೂ ಅಷ್ಟೇ ಮುಖ್ಯ. ಆಫೀಸ್ ಗುಮಾಸ್ತರು, ಕಟ್ಟಡ ನೋಡಿಕೊಳ್ಳುವವರು, ಕಸ ಗುಡಿಸುವವರು, ದೇಣಿಗೆ ಎತ್ತುವುದನ್ನೇ ಕೆಲಸ ಮಾಡಿಕೊಂಡವರು ಈ ವೀಸಾದಲ್ಲಿ ಬರುವಂತಿಲ್ಲ. ದೇವಸ್ಥಾನದ ಅಡುಗೆಯವರ ವಿಷಯ ಕಷ್ಟದ್ದು. ನೈವೇದ್ಯ ಮಡಿಯಲ್ಲೇ ಆಗಬೇಕು ಎಂದು ನಮಗೆ ಗೊತ್ತು. ಆದರೆ ಕ್ಯಾಂಟೀನ್‌ನಲ್ಲಿ ದೋಸೆ ಹುಯ್ಯುವುದನ್ನು ಧಾರ್ಮಿಕ ಕೆಲಸ ಎಂದು ಒಪ್ಪಿಸುವುದು ಸುಲಭವಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. 2021ರಲ್ಲಿ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಒಂದು ದಾವೆ ಹೂಡಲಾಯಿತು. ಆರ್-1ರಲ್ಲಿ ಭಾರತದಿಂದ ಕರೆಸಿಕೊಂಡವರಿಂದ ದೇವಸ್ಥಾನ ಕಟ್ಟುವ ಕಲ್ಲಿನ ಕೆಲಸ ಮಾಡಿಸಿದರು ಎನ್ನುವುದು ಆರೋಪ. ಸಂಸ್ಥೆ ಅದನ್ನು ನಿರಾಕರಿಸಿದೆ. ಅದೇನೇ ಇರಲಿ, ಅರ್ಜಿಯಲ್ಲಿ ಬರೆದ ಕೆಲಸವೇ ಬೇರೆ, ಮಾಡುವ ಕೆಲಸವೇ ಬೇರೆ ಆದರೆ ತೊಂದರೆ ಬರುವುದು ನಿಮ್ಮ ಪಾಸ್‌ಪೋರ್ಟಿಗೂ ಹೌದು.

ಮಿನಿಸ್ಟರ್ ಎಂದು ಅರ್ಜಿ ಹಾಕಿದರೆ ಅಲ್ಲಿ ಆ ಕೆಲಸ ಒಂದನ್ನೇ ಮಾಡಬೇಕು. ಅದಕ್ಕೆ ಅಂಟಿಕೊಂಡ ಸಣ್ಣಪುಟ್ಟ ಆಡಳಿತದ ಕೆಲಸ ನಡೆಯುತ್ತದೆ. ಬೆಳಿಗ್ಗೆ ಅಭಿಷೇಕ, ಮಧ್ಯಾಹ್ನ ಅಡುಗೆಮನೆ, ಸಂಜೆ ಲೆಕ್ಕಪತ್ರ ಎಂಬ ಲೆಕ್ಕಾಚಾರ ಕಮಿಟಿಯವರ ತಲೆಯಲ್ಲಿದ್ದರೆ ಅದನ್ನು ಮೊದಲೇ ಬಿಡಿಸಿಕೊಳ್ಳಿ.

ಹೆಜ್ಜೆ 2: ಕರೆಯುವ ದೇವಸ್ಥಾನವನ್ನು ನೀವೂ ಪರೀಕ್ಷೆ ಮಾಡಿ

ಕಮಿಟಿಯವರು ನಿಮ್ಮ ಪಾಠ, ಕಂಠ, ಅನುಭವ ಎಲ್ಲ ಕೇಳುತ್ತಾರೆ. ವಿಡಿಯೋ ಕಾಲ್‌ನಲ್ಲಿ ರುದ್ರ ಹೇಳಿಸುತ್ತಾರೆ. ನೀವೂ ಕೇಳಬೇಕು. ಸಂಕೋಚ ಬೇಡ.

ಮೊದಲ ಪ್ರಶ್ನೆ: ಐಆರ್‌ಎಸ್‌ನಿಂದ 501 ಸಿ 3 ಪತ್ರ ಇದೆಯಾ? ಅದು ಲಾಭರಹಿತ ಸಂಸ್ಥೆ ಎಂದು ತೆರಿಗೆ ಇಲಾಖೆ ಕೊಡುವ ಪತ್ರ. ಅದಿಲ್ಲದೆ ಆರ್-1 ಪಿಟಿಷನ್, ಅಂದರೆ ದೇವಸ್ಥಾನ ಹಾಕುವ ಆ ಮೊದಲ ಅರ್ಜಿ, ಮುಂದೆ ಹೋಗುವುದಿಲ್ಲ. ಎರಡನೆಯದು: ಹಿಂದೆ ಯಾರಿಗಾದರೂ ಆರ್-1 ಮಾಡಿಸಿದ್ದೀರಾ, ವಲಸೆ ಇಲಾಖೆಯವರು ಬಂದು ಜಾಗ ನೋಡಿ ಹೋಗಿದ್ದಾರಾ? ಇದು ಯಾಕೆ ಮುಖ್ಯ ಎಂದು ನಾಲ್ಕನೇ ಹೆಜ್ಜೆಯಲ್ಲಿ ಹೇಳುತ್ತೇನೆ. ಮೂರನೆಯದು: ನಿಮಗಿಂತ ಮುಂಚೆ ಇದ್ದ ಅರ್ಚಕರು ಯಾಕೆ ಬಿಟ್ಟರು? ಆಗುವುದಾದರೆ ಅವರಿಗೇ ಒಂದು ಫೋನ್ ಮಾಡಿ. ಕಮಿಟಿಯ ಹತ್ತು ಇಮೇಲ್‌ಗಿಂತ ಆ ಒಂದು ಫೋನ್ ಜಾಸ್ತಿ ಹೇಳುತ್ತದೆ.

ಸಂಬಳದ ಮಾತು ಬಿಡಿಸಿ ಆಡಿ. ಆರ್-1ಕ್ಕೆ ಇಷ್ಟೇ ಸಂಬಳ ಕೊಡಬೇಕು ಎಂಬ ಕನಿಷ್ಠ ಮಿತಿ ವಲಸೆ ನಿಯಮದಲ್ಲಿಲ್ಲ. ನಗದಿನ ಬದಲು ಊಟ, ವಸತಿ ಕೊಟ್ಟರೂ ಅದನ್ನು ಸಂಭಾವನೆ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ತಿಂಗಳಿಗೆ ಕೈಗೆಷ್ಟು, ಮನೆ ಯಾರದು, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ, ಹೆಂಡತಿ ಮಕ್ಕಳ ವಿಮೆ ಸೇರಿದೆಯಾ, ವಾರಕ್ಕೆ ಎಷ್ಟು ಗಂಟೆ, ರಜೆ ಯಾವಾಗ, ಊರಿಗೆ ಹೋಗುವ ಟಿಕೆಟ್ ಯಾರದು, ಆರತಿ ತಟ್ಟೆಯ ದಕ್ಷಿಣೆ ಯಾರಿಗೆ, ಇಷ್ಟೂ ಬರಹದಲ್ಲಿ ಬರಲಿ. ಆ ಪತ್ರ ಪಿಟಿಷನ್ ಜೊತೆಗೂ ಹೋಗುತ್ತದೆ. ಕನಿಷ್ಠ ವಾರಕ್ಕೆ ಸರಾಸರಿ 20 ಗಂಟೆ ಕೆಲಸ ಇರಲೇಬೇಕು. ಗ್ರೀನ್ ಕಾರ್ಡ್ ಆಸೆ ಇದ್ದರೆ 35 ಗಂಟೆ ಎಂದು ಬರೆಸಿಕೊಳ್ಳಿ, ಕಾರಣ ಮುಂದೆ ಇದೆ.

ಹೆಜ್ಜೆ 3: ಊರಲ್ಲೇ ಕಾಗದ ಕೂಡಿಡಿ

ನಮ್ಮವರು ಎಡವುವುದು ಇಲ್ಲೇ. ಪಾಂಡಿತ್ಯ ಬೇಕಾದಷ್ಟಿರುತ್ತದೆ, ಕಾಗದ ಇರುವುದಿಲ್ಲ.

ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ವರ್ಷ ನೀವು ಅದೇ ಧಾರ್ಮಿಕ ಪಂಗಡಕ್ಕೆ ಸೇರಿದವರು ಎಂದು ತೋರಿಸಬೇಕು. ಹುಟ್ಟಿನಿಂದ ಹಿಂದೂ ಎಂದು ಹೇಳಿದರೆ ಸಾಲದು. ನೀವು ಸೇವೆ ಮಾಡುವ ದೇವಸ್ಥಾನ ಅಥವಾ ಮಠದ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕು. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಪೂಜೆ, ದಿನಕ್ಕೆ ಎಷ್ಟು ಹೊತ್ತು, ಸಂಬಳ ಎಷ್ಟು ಎಂಬ ವಿವರ ಅದರಲ್ಲಿರಲಿ. 'ಇವರು ಸದ್ಗುಣಿಗಳು, ದೈವಭಕ್ತರು' ಎಂಬ ಪ್ರಶಸ್ತಿಪತ್ರದಿಂದ ಉಪಯೋಗವಿಲ್ಲ. ಮುಜರಾಯಿ ದೇವಸ್ಥಾನದಲ್ಲಿದ್ದರೆ ನೇಮಕದ ಆದೇಶ, ತಸ್ತೀಕಿನ ದಾಖಲೆ ಸಿಗುತ್ತದೆ. ಖಾಸಗಿ ದೇವಸ್ಥಾನವಾದರೆ ಟ್ರಸ್ಟಿನ ಅಧ್ಯಕ್ಷರೋ ಮೊಕ್ತೇಸರರೋ ಸಹಿ ಹಾಕಲಿ.

ಓದಿನ ದಾಖಲೆ ಇನ್ನೊಂದು. ವೇದ ಪಾಠಶಾಲೆಯ ಸರ್ಟಿಫಿಕೇಟ್, ಧಾರ್ಮಿಕ ದತ್ತಿ ಇಲಾಖೆಯ ಆಗಮ ಪರೀಕ್ಷೆಯ ಪತ್ರ, ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜು ಅಥವಾ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಅಂಕಪಟ್ಟಿ, ಯಾವುದಿದ್ದರೂ ತೆಗೆದಿಡಿ. ತಂದೆಯಿಂದ, ಅಜ್ಜನಿಂದ ಮನೆಯಲ್ಲೇ ಕಲಿತವರೂ ಇದ್ದಾರಲ್ವಾ? ಅವರಿಗೂ ದಾರಿ ಇದೆ. ನಿಗದಿತ ಕಾಲೇಜು ಓದನ್ನು ಕೇಳದ ಪಂಗಡಗಳಿಗೆ ಕಾನೂನು ಅವಕಾಶ ಕೊಟ್ಟಿದೆ. ಈ ಸಂಪ್ರದಾಯದಲ್ಲಿ ಅರ್ಚಕರಾಗಲು ಏನು ಬೇಕು, ಉಪನಯನ, ಅಧ್ಯಯನ, ದೀಕ್ಷೆ ಹೇಗೆ ನಡೆಯುತ್ತದೆ, ಇವರು ಅದನ್ನು ಹೇಗೆ ಮುಗಿಸಿದ್ದಾರೆ ಎಂದು ವಿವರಿಸುವ ಪತ್ರವನ್ನು ಮಠದಿಂದಲೋ ಗುರುಗಳಿಂದಲೋ ಪಡೆಯಿರಿ. ಓದುವ ಅಧಿಕಾರಿಗೆ ಆಗಮ ಎಂದರೇನು, ಅರ್ಚಕರಿಗೂ ಪುರೋಹಿತರಿಗೂ ಏನು ವ್ಯತ್ಯಾಸ ಎಂದು ಗೊತ್ತಿರುವುದಿಲ್ಲ ಎಂದುಕೊಂಡೇ ಬರೆಸಿ.

ಇನ್ನು ದುಡ್ಡಿನ ದಾಖಲೆ. ನಮ್ಮ ಪುರೋಹಿತರ ಬದುಕು ಬಹುಪಾಲು ನಗದು ದಕ್ಷಿಣೆಯ ಮೇಲೆ ನಡೆಯುತ್ತದೆ. ಹತ್ತು ವರ್ಷ ದುಡಿದವರ ಪಾಸ್‌ಬುಕ್ ಖಾಲಿ ಇರುತ್ತದೆ. ವಿದೇಶದ ಯೋಚನೆ ಬಂದ ದಿನದಿಂದಲೇ ಸಂಬಳ ಬ್ಯಾಂಕಿಗೆ ಬರುವಂತೆ ಮಾಡಿಕೊಳ್ಳಿ. ದಕ್ಷಿಣೆಯನ್ನೂ ಖಾತೆಗೆ ಕಟ್ಟಿ, ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ಆರ್-1ಕ್ಕೆ ಎರಡು ವರ್ಷದ ಸದಸ್ಯತ್ವ ಸಾಕು, ದುಡಿದ ದಾಖಲೆ ಅಷ್ಟು ಬಿಗಿಯಾಗಿ ಕೇಳುವುದಿಲ್ಲ. ಗ್ರೀನ್ ಕಾರ್ಡಿಗೆ ಮಾತ್ರ ಎರಡು ವರ್ಷದ ನಿರಂತರ ಕೆಲಸ ತೋರಿಸಲೇಬೇಕು. ಊರಿನಲ್ಲಿ ಮಾಡಿದ ಕೆಲಸವೂ ಅದಕ್ಕೆ ಲೆಕ್ಕಕ್ಕೆ ಬರುತ್ತದೆ. ಇದು ಎಷ್ಟು ದೊಡ್ಡ ಅನುಕೂಲ ಎಂದು ಏಳನೇ ಹೆಜ್ಜೆ ಓದಿದಾಗ ತಿಳಿಯುತ್ತದೆ.

ಪಾಸ್‌ಪೋರ್ಟಿನಲ್ಲಿ ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಒಂದೇ ಹೆಸರಿನ ಪಾಸ್‌ಪೋರ್ಟ್ ಬೇಕಾದಷ್ಟಿವೆ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಎಲ್ಲ ಕಡೆ ಆ ಮೂರಕ್ಷರ ನಿಮ್ಮ ಹೆಸರಾಗಿ ಕೂರುತ್ತದೆ. ಮೊದಲೇ ಭಟ್, ಆಚಾರ್ಯ, ಊರಿನ ಹೆಸರು, ಏನಾದರೂ ಸೇರಿಸಿ ಪಾಸ್‌ಪೋರ್ಟ್ ಸರಿಮಾಡಿಸಿ. ಎಸ್ಸೆಸ್ಸೆಲ್ಸಿ ಆಗದೆ ಪಾಠಶಾಲೆಗೆ ಸೇರಿದವರ ಪಾಸ್‌ಪೋರ್ಟಿನಲ್ಲಿ 'ಇಸಿಆರ್' (ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕು ಎಂಬ ಗುರುತು) ಇರಬಹುದು. ಹೆದರಬೇಡಿ. ಆ ತಪಾಸಣೆ ಕೊಲ್ಲಿ ದೇಶಗಳು, ಮಲೇಷ್ಯಾದಂಥ ಕೆಲವು ದೇಶಗಳಿಗೆ ಮಾತ್ರ. ಅಮೆರಿಕಕ್ಕೆ ಅನ್ವಯಿಸುವುದಿಲ್ಲ.

ಕನ್ನಡದಲ್ಲೋ ಸಂಸ್ಕೃತದಲ್ಲೋ ಇರುವ ಪತ್ರಗಳಿಗೆ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ಅನುವಾದಿಸಿ, ಇದು ಸರಿಯಾಗಿದೆ ಎಂದು ಸಹಿ ಹಾಕಿದರೆ ಸಾಕು.

ಹೆಜ್ಜೆ 4: ಐ-129 ಪಿಟಿಷನ್

ಈಗ ಕೆಲಸ ದೇವಸ್ಥಾನದ್ದು. ಐ-129 ಎಂಬ ಫಾರಂ, ಅದರ ಆರ್ ವಿಭಾಗ, ಜೊತೆಗೆ ಸಂಸ್ಥೆಯ ಪ್ರಮಾಣಪತ್ರ. ಇವನ್ನು ಯುಎಸ್‌ಸಿಐಎಸ್ ಎಂಬ ವಲಸೆ ಇಲಾಖೆಗೆ ಕಳಿಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಬಂದ ದರಪಟ್ಟಿಯಂತೆ ಲಾಭರಹಿತ ಸಂಸ್ಥೆಗೆ ಶುಲ್ಕ 510 ಡಾಲರ್. ದರ ಆಗಾಗ ಬದಲಾಗುವುದರಿಂದ ಕಳಿಸುವ ದಿನ ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಬೇಕು. ಸಂಬಳ ಕೊಡುವ ಶಕ್ತಿ ಇದೆ ಎಂದು ತೋರಿಸಲು ಹಿಂದಿನ ಬಜೆಟ್, ಇತರ ಅರ್ಚಕರಿಗೆ ಕೊಟ್ಟ ಸಂಬಳದ ತೆರಿಗೆ ದಾಖಲೆ ಲಗತ್ತಿಸುತ್ತಾರೆ.

2008ರ ನವೆಂಬರ್‌ವರೆಗೆ ಅರ್ಚಕರು ನೇರವಾಗಿ ಕಾನ್ಸುಲೇಟಿಗೆ ಹೋಗಿ ವೀಸಾ ಕೇಳಬಹುದಿತ್ತು. ಮೋಸ ಜಾಸ್ತಿ ಆಯಿತೆಂದು ನಿಯಮ ಬಿಗಿ ಮಾಡಿದರು. ಪಿಟಿಷನ್ ಕಡ್ಡಾಯವಾದದ್ದು ಆಗ. ಅಧಿಕಾರಿಗಳು ದೇವಸ್ಥಾನಕ್ಕೇ ಬಂದು ನೋಡುವ ಪದ್ಧತಿಯೂ ಅದರ ಜೊತೆಗೇ ಗಟ್ಟಿಯಾಯಿತು. ನಿಜಕ್ಕೂ ಪೂಜೆ ನಡೆಯುತ್ತಿದೆಯಾ, ಭಕ್ತರು ಬರುತ್ತಾರಾ, ಅರ್ಚಕರು ಎಲ್ಲಿ ಉಳಿಯುತ್ತಾರೆ ಎಂದು ಕೇಳುತ್ತಾರೆ. ಬರುವ ಮುಂಚೆ ಹೇಳಿಯೇ ಬರುತ್ತಾರೆ ಎಂದಿಲ್ಲ. ಈ ತಪಾಸಣೆ ಒಮ್ಮೆ ಪಾಸಾದ ಜಾಗಕ್ಕೆ ಮಾತ್ರ ಹೆಚ್ಚು ಶುಲ್ಕ ಕಟ್ಟಿ ಬೇಗ ಉತ್ತರ ಪಡೆಯುವ 'ಪ್ರೀಮಿಯಂ ಪ್ರೊಸೆಸಿಂಗ್' ಸೌಲಭ್ಯ ಸಿಗುತ್ತದೆ. ಹಳೆಯ ದೇವಸ್ಥಾನದಲ್ಲಿ ಬೇಗ ಆಗುವ ಕೆಲಸ ಹೊಸ ದೇವಸ್ಥಾನದಲ್ಲಿ ತಿಂಗಳುಗಟ್ಟಲೆ ಎಳೆಯುವುದು ಇದಕ್ಕೇ. ಎರಡನೇ ಹೆಜ್ಜೆಯ ಆ ಪ್ರಶ್ನೆ ಈಗ ಅರ್ಥವಾಯಿತಲ್ವಾ?

ಇಲಾಖೆಗೆ ಅನುಮಾನ ಬಂದರೆ ಇನ್ನಷ್ಟು ದಾಖಲೆ ಕೇಳಿ ಪತ್ರ ಬರೆಯುತ್ತದೆ. ಅದನ್ನು 'ಆರ್‌ಎಫ್‌ಇ' ಎನ್ನುತ್ತಾರೆ. ಅದು ತಿರಸ್ಕಾರವಲ್ಲ, ಆದರೆ ಗಡುವು ಮೀರಿದರೆ ತಿರಸ್ಕಾರವೇ. ಒಪ್ಪಿಗೆ ಸಿಕ್ಕರೆ ಐ-797 ಎಂಬ ನೋಟಿಸ್ ಬರುತ್ತದೆ. ಪೂರ್ತಿ ಪಿಟಿಷನ್‌ನ ಪ್ರತಿ ಕೇಳಿ ಇಟ್ಟುಕೊಳ್ಳಿ. 'ಅದು ನಮ್ಮ ವಕೀಲರ ಹತ್ರ ಇದೆ ಬಿಡಿ' ಎಂದರೆ ಬಿಡಬೇಡಿ. ಅದರಲ್ಲಿ ಬರೆದದ್ದನ್ನೇ ಸಂದರ್ಶನದಲ್ಲಿ ನಿಮ್ಮನ್ನು ಕೇಳುವುದು.

ಹೆಜ್ಜೆ 5: ವೀಸಾ ಸಂದರ್ಶನ

ಡಿಎಸ್-160 ಆನ್‌ಲೈನ್ ಫಾರಂ ತುಂಬಿ, 205 ಡಾಲರ್ ವೀಸಾ ಶುಲ್ಕ ಕಟ್ಟಿ, ಸ್ಲಾಟ್ ತೆಗೆದುಕೊಳ್ಳಬೇಕು. ಕರ್ನಾಟಕದವರು ಹೆಚ್ಚಾಗಿ ಚೆನ್ನೈ ಅಥವಾ ಹೈದರಾಬಾದ್‌ಗೆ ಹೋಗುತ್ತಾರೆ. ಬೆರಳಚ್ಚು ಒಂದು ದಿನ, ಸಂದರ್ಶನ ಇನ್ನೊಂದು ದಿನ.

ಆರ್-1ಕ್ಕೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಯಾವ ದೇವಸ್ಥಾನ, ಯಾವ ಊರು, ಮೂಲ ದೇವರು ಯಾರು, ದಿನದ ಪೂಜೆ ಏನು, ಸಂಬಳ ಎಷ್ಟು, ಇಷ್ಟಕ್ಕೆ ತಡವರಿಸದೆ ಉತ್ತರ ಕೊಡಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಹೆಂಡತಿ ಮತ್ತು 21 ವರ್ಷದೊಳಗಿನ ಮದುವೆಯಾಗದ ಮಕ್ಕಳಿಗೆ ಆರ್-2 ವೀಸಾ. ಅವರಿಗೆ ಮದುವೆ ಮತ್ತು ಜನನದ ನೋಂದಣಿ ಪತ್ರ ಬೇಕು. ಛತ್ರದವರು ಕೊಟ್ಟ ರಸೀದಿ, ಲಗ್ನಪತ್ರಿಕೆ ಸಾಲದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಆರ್-2ರಲ್ಲಿ ಓದಬಹುದು, ದುಡಿಯುವಂತಿಲ್ಲ. ಹೆಂಡತಿ ಇಲ್ಲಿ ಟೀಚರ್ ಕೆಲಸದಲ್ಲಿದ್ದರೆ ಇದನ್ನು ಇಬ್ಬರೂ ಕೂತು ಯೋಚಿಸಬೇಕಾದ ವಿಷಯ.

ಬರೀ ಪ್ರವಚನಕ್ಕೆ, ಕೆಲವು ವಾರದ ಪ್ರವಾಸಕ್ಕೆ ಹೋಗುವ ವಿದ್ವಾಂಸರಿಗೆ ಬಿ-1 ಎಂಬ ಅಲ್ಪಾವಧಿ ಭೇಟಿಯ ವೀಸಾ ಸಾಕಾಗಬಹುದು. ಒಂದೇ ದೇವಸ್ಥಾನದಲ್ಲಿ ನೇಮಕವಾಗಬಾರದು, ಅಲ್ಲಿಂದ ಸಂಬಳ ಪಡೆಯಬಾರದು. ಟೂರಿಸ್ಟ್ ಆಗಿ ಹೋಗಿ ಸಂಬಳಕ್ಕೆ ಪೂಜೆ ಮಾಡಿದರೆ ಮುಂದಿನ ಎಲ್ಲ ವೀಸಾಕ್ಕೂ ಕಲ್ಲು ಬೀಳುತ್ತದೆ.

ಹೆಜ್ಜೆ 6: ಇಳಿದ ಮೇಲೆ

ಮೊದಲು ಸಿಬಿಪಿ ಎಂಬ ಗಡಿ ತಪಾಸಣೆ ಇಲಾಖೆಯ ವೆಬ್‌ಸೈಟಿನಲ್ಲಿ ಐ-94 ಎಂಬ ಪ್ರವೇಶ ದಾಖಲೆ ತೆಗೆದು ನೋಡಿ. ಎಷ್ಟು ದಿನ ಇರಬಹುದು ಎಂದು ಹೇಳುವುದು ಅದು, ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಅಲ್ಲ. ಮೊದಲ ಸಲ ಹೆಚ್ಚೆಂದರೆ 30 ತಿಂಗಳು, ಆಮೇಲೆ ಇನ್ನೊಂದು 30 ತಿಂಗಳು. ಒಟ್ಟು 5 ವರ್ಷ. ಅಮೆರಿಕದ ನೆಲದ ಮೇಲಿದ್ದ ದಿನಗಳಷ್ಟೇ ಇದರಲ್ಲಿ ಲೆಕ್ಕ. ಊರಿಗೆ ಬಂದುಹೋದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮುದ್ರೆ ಎಲ್ಲ ಜೋಪಾನ ಮಾಡಿ.

ಹೊರಗಿನ ಪೂಜೆಗಳ ವಿಷಯ ಸೂಕ್ಷ್ಮ. ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ನಾಮಕರಣಕ್ಕೆ ಭಕ್ತರು ಮನೆಗೆ ಕರೆಯುತ್ತಾರೆ. ನಿಮ್ಮ ವೀಸಾ ಒಂದು ಸಂಸ್ಥೆಗೆ ಕಟ್ಟಿದ್ದು. ದೇವಸ್ಥಾನದ ಮೂಲಕ ಬುಕ್ ಆಗಿ, ದೇವಸ್ಥಾನದ ಕೆಲಸವಾಗಿಯೇ ಹೋಗಿ. ಸ್ವಂತವಾಗಿ ಒಪ್ಪಿಕೊಂಡು ದುಡ್ಡು ತೆಗೆದುಕೊಂಡರೆ, ಅಥವಾ ಪಕ್ಕದ ಊರಿನ ದೇವಸ್ಥಾನದಲ್ಲಿ ವಾರಾಂತ್ಯಕ್ಕೆ ದುಡಿದರೆ, ಅನುಮತಿ ಇಲ್ಲದ ಕೆಲಸವಾಗುತ್ತದೆ. ಗ್ರೀನ್ ಕಾರ್ಡ್ ಹೊತ್ತಿಗೆ ಅದು ಎದುರು ಬರುತ್ತದೆ. ಇನ್ನೊಂದು ದೇವಸ್ಥಾನಕ್ಕೂ ಕೆಲಸ ಮಾಡಬೇಕಿದ್ದರೆ ಅವರೂ ಪ್ರತ್ಯೇಕ ಪಿಟಿಷನ್ ಹಾಕಬೇಕು.

ತೆರಿಗೆಯಲ್ಲಿ ಅರ್ಚಕರದ್ದು ವಿಚಿತ್ರ ಸ್ಥಿತಿ. ಆದಾಯ ತೆರಿಗೆಗೆ ಅವರು ನೌಕರರು, ಸೋಶಿಯಲ್ ಸೆಕ್ಯುರಿಟಿಗೆ ಸ್ವಂತ ಉದ್ಯೋಗಿಗಳು. ಸಂಬಳದಲ್ಲಿ ಆ ಹಣ ಹಿಡಿಯುವುದಿಲ್ಲ, ತೆರಿಗೆಯ ದೃಷ್ಟಿಯಲ್ಲಿ 'ರೆಸಿಡೆಂಟ್' ಆದ ಮೇಲೆ 15.3 ಶೇಕಡ ನೀವೇ ಕಟ್ಟಬೇಕಾಗುತ್ತದೆ. ಕೈಗೆ ಬಂದದ್ದನ್ನೆಲ್ಲ ಊರಿಗೆ ಕಳಿಸಿ ಏಪ್ರಿಲ್‌ನಲ್ಲಿ ಕಂಗಾಲಾಗುವವರು ಇದ್ದಾರೆ. ಮನೆ ಭತ್ಯೆಗೆ ಆದಾಯ ತೆರಿಗೆಯ ವಿನಾಯಿತಿ ಇದೆ, ಆದರೆ ಕಮಿಟಿ ಮುಂಚಿತವಾಗಿ ಅದನ್ನು ನಿಗದಿ ಮಾಡಿ ನಿರ್ಣಯ ಬರೆದಿರಬೇಕು. ದಕ್ಷಿಣೆಯೂ ಆದಾಯವೇ. ಚರ್ಚ್, ದೇವಸ್ಥಾನಗಳ ಲೆಕ್ಕ ಗೊತ್ತಿರುವ ಸಿಪಿಎ (ಅಲ್ಲಿನ ಲೆಕ್ಕಪರಿಶೋಧಕರು) ಒಬ್ಬರನ್ನು ಮೊದಲ ವರ್ಷವೇ ಕಾಣಿ.

ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. 'ಆಫೀಸಿನ ಬೀರುವಿನಲ್ಲಿ ಭದ್ರವಾಗಿರುತ್ತೆ' ಎಂದು ಯಾರೇ ಕೇಳಿದರೂ ಕೊಡಬೇಡಿ. ಬಲವಂತವಾಗಿ ದುಡಿಸಿಕೊಳ್ಳಲು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಅಲ್ಲಿ ಫೆಡರಲ್ ಅಪರಾಧ. ಅಂಥ ಪರಿಸ್ಥಿತಿ ಬಂದರೆ ಮಾನವ ಸಾಗಣೆ ತಡೆ ಸಹಾಯವಾಣಿ 1-888-373-7888.

ದೇವಸ್ಥಾನ ಬದಲಿಸಬೇಕಾದರೆ ಹೊಸ ದೇವಸ್ಥಾನದ ಪಿಟಿಷನ್ ಒಪ್ಪಿಗೆ ಆಗುವವರೆಗೆ ಹಳೆಯದನ್ನು ಬಿಡಬೇಡಿ. ಎಚ್-1ಬಿಯವರಿಗೆ ಕೆಲಸ ಹೋದರೆ 60 ದಿನದವರೆಗೆ ಸಮಯ ಸಿಗುತ್ತದೆ, ಆರ್-1ಕ್ಕೆ ಅದು ಇಲ್ಲ. ಸಾಫ್ಟ್‌ವೇರ್‌ನಲ್ಲಿರುವ ಭಕ್ತರು ತಮ್ಮ ಅನುಭವದಿಂದ 'ಎರಡು ತಿಂಗಳು ಟೈಮ್ ಇರುತ್ತೆ ಭಟ್ರೇ' ಎಂದು ಧೈರ್ಯ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ನಿಮ್ಮ ವಿಷಯದಲ್ಲಿ ಅದು ತಪ್ಪು. ನಿಮ್ಮನ್ನು ಬಿಡಿಸಿದರೆ ದೇವಸ್ಥಾನ 14 ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು.

ಹೆಜ್ಜೆ 7: ಗ್ರೀನ್ ಕಾರ್ಡ್ ಅರ್ಜಿ ಮೊದಲ ವರ್ಷವೇ

ಧಾರ್ಮಿಕ ಕೆಲಸಗಾರರ ಗ್ರೀನ್ ಕಾರ್ಡ್ ಇಬಿ-4 ಎಂಬ ಸಾಲಿನಲ್ಲಿ ಬರುತ್ತದೆ. ಫಾರಂ ಐ-360. ಹಿಂದಿನ ಎರಡು ವರ್ಷ ಸತತ ಧಾರ್ಮಿಕ ಕೆಲಸ ಮಾಡಿರಬೇಕು, ಮುಂದೆ ಸಿಗುವ ಕೆಲಸ ವಾರಕ್ಕೆ ಕನಿಷ್ಠ 35 ಗಂಟೆಯದಾಗಿರಬೇಕು. ಕೆಲಸ ಅಮೆರಿಕದಲ್ಲೇ ಮಾಡಿರಬೇಕು ಎಂದಿಲ್ಲ. ಊರಲ್ಲಿ ಕೂಡಿಟ್ಟ ಆ ಪತ್ರ, ಪಾಸ್‌ಬುಕ್, ರಿಟರ್ನ್ ಬೇಕಾಗುವುದು ಈಗ. ಅವು ಸರಿಯಾಗಿದ್ದರೆ ಅಮೆರಿಕದಲ್ಲಿ ಎರಡು ವರ್ಷ ಕಾಯದೆ ಮೊದಲೇ ಐ-360 ಹಾಕಿಸಬಹುದು.

ಅವಸರ ಯಾಕೆ? ಸಾಲು ಉದ್ದವಾಗಿದೆ. ಇಬಿ-4ಕ್ಕೆ ವರ್ಷಕ್ಕೆ ಸುಮಾರು 9,940 ವೀಸಾ. ಇದೇ ಸಾಲಿನಲ್ಲಿ ಪೋಷಕರಿಂದ ದೂರವಾದ ವಲಸೆ ಮಕ್ಕಳ ಅರ್ಜಿಗಳೂ ಇವೆ. 2023ರಲ್ಲಿ ವಿದೇಶಾಂಗ ಇಲಾಖೆ ಲೆಕ್ಕ ಹಾಕುವ ರೀತಿ ಬದಲಿಸಿತು. ಬೇರೆ ಸಾಲಿನಲ್ಲಿದ್ದ ಮಧ್ಯ ಅಮೆರಿಕದ ಮೂರು ದೇಶಗಳ ಅರ್ಜಿಗಳು ಎಲ್ಲರ ಸಾಲಿಗೆ ಬಂದು ಸೇರಿದವು. ಕಾಯುವ ಕಾಲ ವರ್ಷಗಟ್ಟಲೆ ಬೆಳೆಯಿತು. 2025ರಲ್ಲಂತೂ ಆ ಹಣಕಾಸು ವರ್ಷದ ಕೋಟಾ ಫೆಬ್ರವರಿ ಕೊನೆಗೇ ಮುಗಿದುಹೋಯಿತು. ಐ-360 ಹಾಕಿದ ದಿನವೇ ಸಾಲಿನಲ್ಲಿ ನಿಮ್ಮ ಜಾಗ. ಕಮಿಟಿಯವರು 'ಮೊದಲು ಎರಡು ವರ್ಷ ಕೆಲಸ ನೋಡ್ತೀವಿ, ಆಮೇಲೆ' ಎಂದರೆ ನಿಮಗೆ ಎರಡು ವರ್ಷ ನಷ್ಟ. ಒಪ್ಪಂದ ಮಾಡಿಕೊಳ್ಳುವಾಗಲೇ ಇದರ ಮಾತು ಆಡಿ.

ಐ-360 ಒಪ್ಪಿಗೆಯಾಗಿ, ಯಾರ ಸರದಿ ಬಂತು ಎಂದು ಪ್ರತಿ ತಿಂಗಳು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ನಿಮ್ಮ ತಾರೀಕು ಬಂದ ಮೇಲೆ ಐ-485, ಅಂದರೆ ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಪಡೆಯುವ ಅರ್ಜಿ, ಹಾಕಬಹುದು. ಅದು ಬಾಕಿ ಇರುವಾಗ ಊರಿಗೆ ಹೊರಟರೆ 'ಅಡ್ವಾನ್ಸ್ ಪರೋಲ್' ಎಂಬ ಮರಳಿ ಬರುವ ಅನುಮತಿ ಪತ್ರ ಇಟ್ಟುಕೊಂಡೇ ಹೊರಡಿ. ಇಲ್ಲದಿದ್ದರೆ ಅರ್ಜಿ ಬಿಟ್ಟುಕೊಟ್ಟಂತೆ.

ಮಿನಿಸ್ಟರ್ ಅಲ್ಲದ ಧಾರ್ಮಿಕ ಕೆಲಸಗಾರರಿಗೆ ಇನ್ನೊಂದು ತೊಡಕು. ಅವರ ಗ್ರೀನ್ ಕಾರ್ಡ್ ಕಾರ್ಯಕ್ರಮ ಕಾಯಂ ಅಲ್ಲ. ಸಂಸತ್ತು ಆಗಾಗ ಸ್ವಲ್ಪ ಸ್ವಲ್ಪ ಕಾಲಕ್ಕೆ ಮುಂದುವರಿಸುತ್ತದೆ. ವರ್ಷಕ್ಕೆ 5,000ದ ಮಿತಿಯೂ ಇದೆ. ಅರ್ಚಕರಿಗೆ ಈ ತೊಡಕಿಲ್ಲ. ಮೊದಲ ಹೆಜ್ಜೆಯಲ್ಲಿ ನಿಮ್ಮನ್ನು ಯಾವ ಬಗೆಗೆ ಸೇರಿಸಿದ್ದಾರೆ ಎಂಬುದು ಇಲ್ಲಿಯವರೆಗೂ ಹಿಂಬಾಲಿಸುತ್ತದೆ.

5 ವರ್ಷ ಮುಗಿದರೂ ತಾರೀಕು ಬರದಿದ್ದರೆ? ಐ-360 ಬಾಕಿ ಇದೆ ಎಂದು ಆರ್-1 ಆರನೇ ವರ್ಷಕ್ಕೆ ಮುಂದುವರಿಯುವುದಿಲ್ಲ. ದೇಶ ಬಿಡಲೇಬೇಕು. ಮೊದಲು ಒಂದು ವರ್ಷ ಹೊರಗಿದ್ದು ಬರಬೇಕಿತ್ತು. 2026ರ ಜನವರಿಯಲ್ಲಿ ಸರ್ಕಾರ ಆ ಒಂದು ವರ್ಷದ ಷರತ್ತನ್ನು ತೆಗೆದುಹಾಕಿತು. ಈಗ ಹೊರಗೆ ಹೋಗಿ, ಹೊಸ ಪಿಟಿಷನ್, ಹೊಸ ವೀಸಾ ಪಡೆದು ಮರಳಬಹುದು. ಒಂದು ವರ್ಷ ದೇವಸ್ಥಾನಕ್ಕೆ ಅರ್ಚಕರಿಲ್ಲದೆ, ಮಕ್ಕಳಿಗೆ ಶಾಲೆ ತಪ್ಪಿ ಒದ್ದಾಡುತ್ತಿದ್ದವರಿಗೆ ಇದು ದೊಡ್ಡ ಸಮಾಧಾನ. ಆದರೂ ಐದನೇ ವರ್ಷ ಶುರುವಾಗುವಾಗಲೇ ವಕೀಲರ ಜೊತೆ ಕೂತು ಹೊರಡುವ ದಿನ, ಸ್ಲಾಟ್, ಮರಳುವ ಪಿಟಿಷನ್ ಎಲ್ಲ ಗೊತ್ತುಮಾಡಿಕೊಳ್ಳಿ.

ಬೇರೆ ದೇಶಗಳಾದರೆ

ಬ್ರಿಟನ್‌ನಲ್ಲಿ ಎರಡು ದಾರಿ. ಪೂಜೆ ನಡೆಸುವ ಅರ್ಚಕರಿಗೆ 'ಮಿನಿಸ್ಟರ್ ಆಫ್ ರಿಲಿಜನ್' ವೀಸಾ. ಒಂದು ಸಲಕ್ಕೆ 3 ವರ್ಷ 1 ತಿಂಗಳವರೆಗೆ. ಇಂಗ್ಲಿಷ್ ಬಿ2 ಮಟ್ಟ, ಅಂದರೆ ಸರಾಗವಾಗಿ ಮಾತಾಡಿ ಬರೆಯುವಷ್ಟು, ಬೇಕು. ಪಾಠಶಾಲೆಯಲ್ಲಷ್ಟೇ ಓದಿದವರಿಗೆ ಇದು ದೊಡ್ಡ ಗೋಡೆ. ಜೊತೆಗೆ ಆರೋಗ್ಯ ಶುಲ್ಕವೇ ವರ್ಷಕ್ಕೆ 1,035 ಪೌಂಡ್. ಇನ್ನೊಂದು, 2 ವರ್ಷದ ತಾತ್ಕಾಲಿಕ 'ರಿಲಿಜಿಯಸ್ ವರ್ಕರ್' ವೀಸಾ. ಅದಕ್ಕೆ ಇಂಗ್ಲಿಷ್ ಬೇಡ, ಆದರೆ 2019ರಿಂದ ಅದರಲ್ಲಿ ಬಂದವರು ಅರ್ಚಕರ ಮುಖ್ಯ ಕೆಲಸ ಮಾಡುವಂತಿಲ್ಲ.

ಕೆನಡಾ ಸ್ವಲ್ಪ ಉದಾರ. ಭಕ್ತಸಮುದಾಯಕ್ಕೆ ಪೂಜೆ, ಪ್ರವಚನ ನಡೆಸುವುದೇ ಮುಖ್ಯ ಕೆಲಸವಾಗಿರುವವರಿಗೆ ವರ್ಕ್ ಪರ್ಮಿಟ್‌ನಿಂದಲೇ ವಿನಾಯಿತಿ ಇದೆ. ಒಳಗೆ ಹೋಗುವ ವೀಸಾ ಮಾತ್ರ ಬೇಕು. ಆಸ್ಟ್ರೇಲಿಯಾದಲ್ಲಿ 408 ವೀಸಾದಲ್ಲಿ 2 ವರ್ಷದವರೆಗೆ ಧಾರ್ಮಿಕ ಕೆಲಸ ಮಾಡಬಹುದು. ಅಲ್ಲೇ ನೆಲೆಸುವ ಉದ್ದೇಶ ಇದ್ದರೆ, ಕರೆಯುವ ದೇವಸ್ಥಾನ ಸರ್ಕಾರದ ಜೊತೆ 'ಲೇಬರ್ ಅಗ್ರಿಮೆಂಟ್' ಮಾಡಿಕೊಂಡಿದೆಯಾ ಎಂದು ಕೇಳಿ. ಮಾಡಿಕೊಂಡಿಲ್ಲದ ದೇವಸ್ಥಾನದಿಂದ ಅದು ಆಗುವುದು ಕಷ್ಟ.